ಯಾರು ಹೇಳಿದ್ದು?

ಶನಿವಾರ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ. ಭಾನುವಾರ ರಾತ್ರಿಯ ಖುಷಿಯೂ ಇಳಿದಿಲ್ಲ. ಎರಡನ್ನೂ ಬರೆದೇ ಮಲಗುತ್ತೇನೆ. ಉದ್ದ ಆಗುತ್ತೆ, ಕೂತು ಓದಿ.

ಶನಿವಾರ ಮಗಳು, ಅಳಿಯಂದಿರು, ಮೊಮ್ಮಗಳು ಬೆಂಗಳೂರಿಂದ ಬಂದಿದ್ದರು. ಹೊರಗೆ ಜೋರು ಮಳೆ. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಮುಗಿಸಿ ಎಂಟೂವರೆಗೆಲ್ಲ ಹಾಲ್‌ನಲ್ಲಿ ಸೇರಿದೆವು. ಚಾಪೆ ಹಾಸಿ, ದಿಂಬು ತಂದು, ಹುರಿದ ಕಡಲೆಕಾಯಿ ಬಟ್ಟಲು ಮಧ್ಯದಲ್ಲಿಟ್ಟು, ಲೈಟ್ ಆರಿಸಿ ಆಯಿತು. ಎಲ್ಲರೂ ಒಟ್ಟಿಗೆ ಕೂತು ಒಂದು ಸಿನಿಮಾ ನೋಡಿ ನಮ್ಮ ಮನೆಯಲ್ಲಿ ಎಂಟು ತಿಂಗಳಾಗಿತ್ತು. ರಿಮೋಟ್ ಅಳಿಯಂದಿರ ಕೈಯಲ್ಲಿ. ಒಂದು ಪೋಸ್ಟರ್ ತೆರೆದರು, ಟ್ರೈಲರ್ ಓಡಿತು, ಮಗಳು ಬೇಡ ಅಂದಳು. ಇನ್ನೊಂದು ತೆರೆದರು, ಮೊಮ್ಮಗಳು ಬೇಡ ಅಂದಳು. ಆ ಆಪ್ ಬಿಟ್ಟು ಈ ಆಪ್, ಈ ಆಪ್ ಬಿಟ್ಟು ಮತ್ತೊಂದು. ಒಂಬತ್ತೂ ಇಪ್ಪತ್ತಕ್ಕೆ ಹನ್ನೊಂದು ಟ್ರೈಲರ್ ಆಗಿದ್ದವು, ಸಿನಿಮಾ ಒಂದೂ ಶುರುವಾಗಿರಲಿಲ್ಲ. ನಮ್ಮವರು ಕುರ್ಚಿಯಲ್ಲೇ ನಿದ್ದೆ ಹೋದರು. ಮೊಮ್ಮಗಳು ಮೂಲೆಯಲ್ಲಿ ಫೋನ್ ಹಿಡಿದು ಕೂತಳು. "ಹೋಗ್ಲಿ ಬಿಡಮ್ಮ, ಮಲ್ಕೊಳ್ಳೋಣ" ಅಂತ ಮಗಳು ಚಾಪೆ ಸುತ್ತಿದಳು. ಕಡಲೆಕಾಯಿ ಬಟ್ಟಲು ಹಾಗೇ ಅಡುಗೆಮನೆಗೆ ವಾಪಸ್ ಹೋಯಿತು.

ನಡುವೆ ಒಂದು ಸಿನಿಮಾದ ಕೆಳಗೆ 97 ಪರ್ಸೆಂಟ್ ನಿಮಗೆ ಹೊಂದುತ್ತೆ ಅಂತ ಬಂದಿತ್ತು. "ಯಾರು ಹೇಳಿದ್ದು?" ಅಂತ ಕೇಳಿದೆ. "ಯಾರೂ ಹೇಳೋದಲ್ಲ ಅತ್ತೆ, ನಾವು ಹಿಂದೆ ನೋಡಿದ್ದನ್ನ ಇಟ್ಕೊಂಡು ಅದೇ ಲೆಕ್ಕ ಹಾಕುತ್ತೆ" ಅಂದರು ಅಳಿಯಂದಿರು. ಅವರು ಒಳ್ಳೆಯವರು, ಸಮಾಧಾನವಾಗಿಯೇ ಹೇಳಿದರು. ಆದರೆ ಆ "ನಾವು" ಯಾರು? ಆ ಲೆಕ್ಕ ಹುಟ್ಟಿದ್ದು ಅವರೊಬ್ಬರೇ ಆಫೀಸ್ ಮುಗಿಸಿ ಬಂದು ರಾತ್ರಿ ಹನ್ನೊಂದಕ್ಕೆ ನೋಡುವ ಹೊಡೆದಾಟದ ಸಿನಿಮಾಗಳಿಂದ. ಹಾಲ್‌ನಲ್ಲಿದ್ದದ್ದು ಐದು ಜನ. ಎಡಗಿವಿ ಮಂದವಾಗಿರುವ ಎಪ್ಪತ್ತೊಂದರ ಗಂಡಸು, ಹನ್ನೆರಡರ ಹುಡುಗಿ, ವಾರವಿಡೀ ದುಡಿದು ಸುಸ್ತಾದ ಗಂಡ ಹೆಂಡತಿ, ಜೊತೆಗೆ ನಾನು. ಈ ಐದು ಜನ ಒಂದೇ ಕೋಣೆಯಲ್ಲಿ ಕೂತಿದ್ದಾರೆ ಅಂತ ಆ 97ಕ್ಕೆ ಗೊತ್ತೇ ಇಲ್ಲ.

ನಮ್ಮ ವಿಡಿಯೊ ಬಾಡಿಗೆ ಅಂಗಡಿ ನೋಡಿದವರಿಗೆ ನನ್ನ ಸಂಕಟ ಅರ್ಥವಾಗುತ್ತೆ. 1991ರಿಂದ 2008ರವರೆಗೆ, ಹದಿನೇಳು ವರ್ಷ, ಮೈಸೂರು ಕುವೆಂಪುನಗರದ ಆ ಹತ್ತು ಬೈ ಹನ್ನೆರಡರ ಮಳಿಗೆಯಲ್ಲಿ ನಾನು ಮಾಡಿದ್ದು ಇದೊಂದೇ ಕೆಲಸ: ಇವತ್ತು ರಾತ್ರಿ ನಿಮ್ಮ ಮನೆಯಲ್ಲಿ ಯಾವ ಸಿನಿಮಾ ಅಂತ ಹೇಳೋದು. ಮೊದಲು ಕ್ಯಾಸೆಟ್, ಆಮೇಲೆ ವಿಸಿಡಿ, ಕೊನೆಗೆ ಡಿವಿಡಿ. ಕ್ಯಾಸೆಟ್ ಹಾಕಿ ನೋಡುವ ಯಂತ್ರ, ವಿಸಿಪಿಯನ್ನೂ ಬಾಡಿಗೆಗೆ ಕೊಡುತ್ತಿದ್ದೆವು, ನೆನಪಿರಬೇಕು. ಗಿರಾಕಿ ಒಳಗೆ ಬಂದ ಕೂಡಲೇ ನಾನು ಕೇಳುತ್ತಿದ್ದದ್ದು "ಯಾವ ಥರದ್ದು ಬೇಕು" ಅಂತಲ್ಲ. "ಇವತ್ತು ಮನೇಲಿ ಯಾರ್ಯಾರಿದ್ದೀರಿ?" ಅಂತ. ಅತ್ತೆ ಮಾವ ಊರಿಂದ ಬಂದಿದ್ದಾರಾ, ಮಕ್ಕಳು ಎಚ್ಚರವಾಗಿರುತ್ತಾರಾ, ನಾಳೆ ಬೆಳಿಗ್ಗೆ ಡ್ಯೂಟಿ ಇದೆಯಾ. ತಂದೆ ತೀರಿಕೊಂಡು ಇನ್ನೂ ತಿಂಗಳಾಗದ ಹುಡುಗನೊಬ್ಬ ಬಂದು, ತಾಯಿಗೆ ಮನಸ್ಸು ಬದಲಾಗಬೇಕು, ಯಾರೂ ಸಾಯಬಾರದು, ಆಸ್ಪತ್ರೆ ಇರಬಾರದು, ಅಂಥದ್ದೊಂದು ಕೊಡಿ ಆಂಟಿ ಅಂದಿದ್ದ. ಕೊಟ್ಟೆ. ಇವತ್ತಿನ ಯಾವ ಪರದೆಗೆ ಹೋಗಿ ಅವನು ಅದನ್ನು ಹೇಳಬೇಕು?

ಕೌಂಟರ್ ಕೆಳಗಿನ ಡ್ರಾಯರ್‌ನಲ್ಲಿ ಹೆಡ್ ಕ್ಲೀನ್ ಮಾಡುವ ದ್ರಾವಣ, ಹರಿದ ಟೇಪ್ ಅಂಟಿಸುವ ಸೆಲೋಟೇಪ್, ಬಾಡಿಗೆ ಪುಸ್ತಕ. ಅವುಗಳ ಪಕ್ಕದಲ್ಲಿ ಇಟ್ಟಿಗೆಯಂಥ ಒಂದು ಪುಸ್ತಕ: ಅಮೆರಿಕದ ಸಿನಿಮಾ ವಿಮರ್ಶಕ ಲಿಯೊನಾರ್ಡ್ ಮಾಲ್ಟಿನ್ ಅವರ ಮೂವಿ ಗೈಡ್. 1994ರಲ್ಲಿ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಿಂದ ನಲವತ್ತು ರೂಪಾಯಿಗೆ ತಂದದ್ದು. ದಿನಪತ್ರಿಕೆಯಂಥ ಕಾಗದ, ಈಗ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ. ಬೆನ್ನು ಎರಡು ಸಲ ಕಿತ್ತುಬಂದು ಬೈಂಡರ್ ಹತ್ತಿರ ಹೊಲಿಸಿದ್ದೇನೆ. ಎಂ ಅಕ್ಷರದ ಹಾಳೆಗಳಿಗೆ ಎಣ್ಣೆ ಕಲೆ. ಅಂಚಿನಲ್ಲಿ ನನ್ನದೇ ಪೆನ್ಸಿಲ್ ಅಕ್ಷರ: "ಮಕ್ಕಳ ಜೊತೆ ಬೇಡ", "ಅಮ್ಮಂಗೆ ಇಷ್ಟ", "ಕೊನೇ ಅರ್ಧ ಗಂಟೆ ಎಳೆದಿದ್ದಾರೆ".

ಆ ಪುಸ್ತಕದಲ್ಲಿ ಒಂದೊಂದು ಸಿನಿಮಾಕ್ಕೆ ಸಿಗುವ ಜಾಗ ಬೆರಳಗಲ. ದಪ್ಪಕ್ಷರದಲ್ಲಿ ಹೆಸರು, ವರ್ಷ, ಕಲರ್ ಆಗಿದ್ದರೆ ಒಂದು ಅಕ್ಷರದ ಗುರುತು, ಎಷ್ಟು ನಿಮಿಷ, ಸ್ಟಾರ್‌ಗಳು, ನಿರ್ದೇಶಕ, ತಾರಾಗಣ, ಆಮೇಲೆ ಮೂರು ನಾಲ್ಕು ಸಾಲು. ನಾಲ್ಕು ಸ್ಟಾರ್ ಅಂದರೆ ಬಿಡಲೇಬಾರದು. ತೀರಾ ಕೆಟ್ಟದ್ದಕ್ಕೆ ಸ್ಟಾರ್ ಇಲ್ಲ, "ಬಾಂಬ್" ಅಂತ ಒಂದೇ ಮಾತು. 1948ರ ಒಂದು ಹಾಲಿವುಡ್ ಸಿನಿಮಾದ ಹೆಸರು ಈಸಂಟ್ ಇಟ್ ರೊಮ್ಯಾಂಟಿಕ್? "ರೊಮ್ಯಾಂಟಿಕ್ ಆಗಿದೆ ಅಲ್ವಾ?" ಅಂತ ಕೇಳುವ ಹೆಸರು. ಅದರ ಬಗ್ಗೆ ಮಾಲ್ಟಿನ್ ಪುಸ್ತಕದ ವಿಮರ್ಶೆ ಪೂರ್ತಿ ಇಷ್ಟೇ: "ಅಲ್ಲ." ಮುಗೀತು. ಒಂದೇ ಪದ. ಆ ಪದದ ಹಿಂದೆ ಒಬ್ಬ ಮನುಷ್ಯ ನಿಂತಿದ್ದಾನೆ, ತನ್ನ ಹೆಸರನ್ನು ರಕ್ಷಾಪುಟದ ಮೇಲೆ ಹಾಕಿಕೊಂಡು ನಿಂತಿದ್ದಾನೆ. ಯಾರು ಹೇಳಿದ್ದು ಅಂತ ಕೇಳಿದರೆ ಉತ್ತರ ಇದೆ.

ಈ ಪುಸ್ತಕ ಹುಟ್ಟಿದ ಕಾರಣವೇ ಮನೆಯ ರಾತ್ರಿ. 1969ರಲ್ಲಿ ಮೊದಲ ಸಲ ಬಂದಾಗ ಇದರ ಹೆಸರು "ಟಿವಿ ಮೂವೀಸ್". ಅಮೆರಿಕದ ಟಿವಿಗಳಲ್ಲಿ ತಡರಾತ್ರಿ ಹಳೇ ಸಿನಿಮಾ ಹಾಕುತ್ತಿದ್ದ ಕಾಲ, ಇವತ್ತಿನದಕ್ಕೆ ನಿದ್ದೆ ಕೆಡಿಸಿಕೊಳ್ಳಬಹುದೋ ಬೇಡವೋ ಅಂತ ಜನಕ್ಕೆ ಹೇಳೋರು ಬೇಕಿತ್ತು. ಆ ಕೆಲಸ ಒಪ್ಪಿಕೊಂಡಾಗ ಮಾಲ್ಟಿನ್‌ಗೆ ಹದಿನೆಂಟರ ಆಸುಪಾಸು. ಜೊತೆಗೊಂದು ಸಣ್ಣ ತಂಡ ಇತ್ತು. 2014ರಲ್ಲಿ 2015ರ ಆವೃತ್ತಿ ತಂದು ನಿಲ್ಲಿಸಿದರು. ನಲವತ್ತೈದು ವರ್ಷ! ಕೊನೆಯದರಲ್ಲಿ ಸುಮಾರು 16,000 ಸಿನಿಮಾ. ಎಲ್ಲ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುವಾಗ ಪುಸ್ತಕ ಕೊಳ್ಳೋರು ಕಮ್ಮಿಯಾದರು. ಆ ಸುದ್ದಿ ಓದಿದ ದಿನ ನನಗೆ ನಮ್ಮ ಅಂಗಡಿ ಶಟರ್ ಎಳೆದ ದಿನವೇ ನೆನಪಾಯಿತು.

ನಮಗೆ ಇಲ್ಲಿ ಮೈಸೂರಲ್ಲಿ ಅದು ಕೆಲಸಕ್ಕೆ ಬಂದದ್ದು 1995ರಿಂದೀಚೆಗೆ. ಕೇಬಲ್‌ನಲ್ಲಿ ಹಗಲೆಲ್ಲ ಕಾರ್ಟೂನ್ ನೆಟ್‌ವರ್ಕ್. ಮಕ್ಕಳು ಬೇಡ ಬೇಡ ಅನ್ನುತ್ತಿದ್ದ ಹಾಗೇ ಅದೇ ಚಾನೆಲ್ ಟಿಎನ್‌ಟಿ ಆಗಿ, ಹಾಲಿವುಡ್‌ನ ಕಪ್ಪು ಬಿಳುಪು ಸಿನಿಮಾಗಳು ಶುರುವಾಗುತ್ತಿದ್ದವು. ನಮ್ಮ ಗಿರಾಕಿಗಳು ಬಾಡಿಗೆಗೆ ಏನೂ ತೊಗೊಳ್ಳದೆ ಇದ್ದರೂ ಅಂಗಡಿಗೆ ಬಂದು "ಇವತ್ತು ರಾತ್ರಿದು ನೋಡಬಹುದಾ, ನಿಮ್ಮ ದಪ್ಪ ಬುಕ್ಕಲ್ಲಿ ನೋಡಿ ಹೇಳಿ" ಅನ್ನೋರು. ವ್ಯಾಪಾರಕ್ಕೆ ನಷ್ಟ ಅಂತ ನಮ್ಮವರು ಗೊಣಗುತ್ತಿದ್ದರು. ನಾನು ಹೇಳುತ್ತಿದ್ದೆ.

ಎರಡನೇ ಪುಸ್ತಕ ಹ್ಯಾಲಿವೆಲ್ ಅವರದು. ಊರು ಬಿಡುವಾಗ ಲೆಕ್ಚರರ್ ಒಬ್ಬರು ಕೊಟ್ಟು ಹೋದರು. ಲೆಸ್ಲಿ ಹ್ಯಾಲಿವೆಲ್ ಇಂಗ್ಲೆಂಡಿನ ಐಟಿವಿ ಚಾನೆಲ್‌ಗೆ ಸಿನಿಮಾ ಕೊಂಡು ತರುತ್ತಿದ್ದವರು, ಅಂದರೆ ನನ್ನ ಕಸುಬಿನವರೇ. 1977ರಲ್ಲಿ ಗೈಡ್ ತಂದರು. ಭಾರಿ ಬಿಗಿ ಕೈ. ಪುಟ ತಿರುಗಿಸುತ್ತಾ ಹೋದರೆ ಹೆಚ್ಚಿನ ಸಿನಿಮಾಗಳಿಗೆ ಒಂದೂ ಸ್ಟಾರ್ ಇಲ್ಲ. 1930, 40ರ ದಶಕದ ಸಿನಿಮಾ ಅಂದರೆ ಪ್ರಾಣ, ಹೊಸದನ್ನು ಕಂಡರೆ ಆಗದು. ಆದರೆ ಇದು ನನಗೆ ಗೊತ್ತಿತ್ತಲ್ಲ! ಅದೇ ಮುಖ್ಯ. 1975ರಿಂದೀಚೆಗಿನ ಸಿನಿಮಾಕ್ಕೆ ಹ್ಯಾಲಿವೆಲ್ ಎರಡು ಸ್ಟಾರ್ ಕೊಟ್ಟರು ಅಂದರೆ ಕಣ್ಣು ಮುಚ್ಚಿ ತರಬಹುದು. ನಮ್ಮ ಸೋದರಮಾವ "ಪರವಾಗಿಲ್ಲ, ತಿನ್ನಬಹುದು" ಅಂದರೆ ಆ ಅಡುಗೆ ಅಮೃತ ಅಂತ ಮನೆಮಂದಿಗೆಲ್ಲ ಗೊತ್ತಿತ್ತು, ಹಾಗೆ. ವಿಡಿಯೊಹೌಂಡ್ ಅಂತ ಇನ್ನೊಂದು ಗೈಡ್ ಇತ್ತು, ಅದರಲ್ಲಿ ಸ್ಟಾರ್ ಬದಲು ನಾಯಿ ಮೂಳೆ. ತೀರಾ ಕಳಪೆಯಾದರೆ "ವೂಫ್". ನಾನು ಅದನ್ನು ಹೆಚ್ಚು ಬಳಸಲಿಲ್ಲ.

ಈಗ ನೀವು ಕೇಳುತ್ತೀರಿ, ಒಬ್ಬನ ಮಾತು ನಂಬಿ ಕೂತರೆ ಅವನೇ ತಪ್ಪು ಹೇಳಿದರೆ? ಹೇಳಿದ್ದಾನೆ. ನನ್ನ ಕೈಯಲ್ಲೂ ಹೇಳಿಸಿದ್ದಾನೆ. ಬ್ಲೇಡ್ ರನ್ನರ್‌ಗೆ ಮಾಲ್ಟಿನ್ ಪುಸ್ತಕ ಕೊಟ್ಟದ್ದು ಒಂದೂವರೆ ಸ್ಟಾರ್. ಟ್ಯಾಕ್ಸಿ ಡ್ರೈವರ್‌ಗೆ ಎರಡು. ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಬ್ಲೇಡ್ ರನ್ನರ್ ಕೇಳಿಕೊಂಡು ಬಂದಾಗ, "ದುಡ್ಡು ದಂಡ ಕಣಪ್ಪ, ಬೇರೆ ತೊಗೊ" ಅಂತ ನಾನು ತಡೆದೆ. ಅವನು ಬಿಡಲಿಲ್ಲ. ಮಾರನೇ ದಿನ ಕ್ಯಾಸೆಟ್ ವಾಪಸ್ ತಂದು ಕೌಂಟರ್ ಮೇಲಿಟ್ಟು, "ಆಂಟಿ, ಇವತ್ತಿನ ಬಾಡಿಗೆ ನಾನೇ ಕೊಡ್ತೀನಿ, ನೀವೊಂದ್ಸಲ ನೋಡಿ" ಅಂದ. ರಾತ್ರಿ ಅಂಗಡಿ ಮುಚ್ಚಿ ಮನೆಯಲ್ಲಿ ನೋಡಿದೆ. ಕೊನೆಯಲ್ಲಿ ಮಳೆಯಲ್ಲಿ ಕೂತ ಆ ಮನುಷ್ಯನಲ್ಲದ ಮನುಷ್ಯ, ತನ್ನನ್ನು ಕೊಲ್ಲಲು ಬಂದವನನ್ನೇ ಮೇಲೆತ್ತಿ ಉಳಿಸಿ, ತಾನು ತಲೆ ತಗ್ಗಿಸುತ್ತಾನಲ್ಲ, ಆಗ ನನಗೆ ಅಳು ತಡೆಯಲಾಗಲಿಲ್ಲ. ಆ ಹೊತ್ತಲ್ಲೇ ಪುಸ್ತಕ ತೆಗೆದು ಅಂಚಿನಲ್ಲಿ ಬರೆದೆ: "ತಪ್ಪು. ನಾನು ನೋಡಿದೆ." ಅದು ಇವತ್ತಿಗೂ ಇದೆ.

ಆದರೆ ನೋಡಿ, ಮಾಲ್ಟಿನ್ ಜೊತೆ ನನಗೆ ಜಗಳ ಆಡಲು ಆಯಿತು. ಅವರಿಗೆ ಕತ್ತಲೆಯ, ಕ್ರೂರ ಸಿನಿಮಾ ಕಂಡರೆ ಆಗಿಬರುವುದಿಲ್ಲ ಅನ್ನುವುದು ಅವತ್ತು ಗೊತ್ತಾಯಿತು. ಅಂಥ ಸಿನಿಮಾಕ್ಕೆ ಅವರು ಎರಡು ಸ್ಟಾರ್ ಕೊಟ್ಟರೆ ನಾನು ಇನ್ನೊಂದು ಸೇರಿಸಿ ಓದುತ್ತಿದ್ದೆ. ತಪ್ಪು ಹೇಳುವ ಮನುಷ್ಯನನ್ನು ಹತ್ತು ವರ್ಷ ಬಳಸಬಹುದು, ಅವನ ತಪ್ಪಿನ ದಿಕ್ಕು ಗೊತ್ತಿದ್ದರೆ ಸಾಕು. 97 ಪರ್ಸೆಂಟ್ ತಪ್ಪಾದರೆ ಯಾರ ಜೊತೆ ಜಗಳ ಆಡಲಿ?

ಆ ಪರ್ಸೆಂಟುಗಳ ಹಣೆಬರಹವೂ ಸ್ವಲ್ಪ ಹೇಳುತ್ತೇನೆ, ಯಾಕಂದರೆ ಓದಿಕೊಂಡವರೂ ಇದರಲ್ಲಿ ಮೋಸ ಹೋಗುತ್ತಾರೆ. ವಿಮರ್ಶೆಗಳನ್ನೆಲ್ಲ ಒಟ್ಟುಗೂಡಿಸುವ ರಾಟನ್ ಟೊಮ್ಯಾಟೋಸ್ ವೆಬ್‌ಸೈಟ್‌ನಲ್ಲಿ 95 ಅಂತ ಇದ್ದರೆ ಅದು ನೂರಕ್ಕೆ 95 ಅಂಕ ಪಡೆದ ಸಿನಿಮಾ ಅಂತಲ್ಲ. ನೂರರಲ್ಲಿ 95 ವಿಮರ್ಶಕರು "ಅಡ್ಡಿಯಿಲ್ಲ" ಅಂದರು ಅಂತ. ಎಲ್ಲರಿಗೂ ಸುಮಾರಾಗಿ ಹಿಡಿಸಿ ಯಾರ ಎದೆಗೂ ತಾಗದ ಸಿನಿಮಾ ನೂರಕ್ಕೆ ನೂರು ತೊಗೊಳ್ಳಬಹುದು. ಅರ್ಧ ಜನ ತಲೆ ಮೇಲೆ ಹೊತ್ತು ಕುಣಿದು, ಇನ್ನರ್ಧ ಜನ ಉಗಿದ ಸಿನಿಮಾಕ್ಕೆ 50. ನನ್ನ ಜೀವನದಲ್ಲಿ ಮರೆಯಲಾಗದ ಸಿನಿಮಾಗಳಲ್ಲಿ ಬಹಳಷ್ಟು ಈ ಎರಡನೇ ಜಾತಿಯವು. ನೆಟ್‌ಫ್ಲಿಕ್ಸ್ 2017ರಲ್ಲಿ ಐದು ಸ್ಟಾರ್ ತೆಗೆದು ಹೆಬ್ಬೆರಳು ಮೇಲೆ, ಹೆಬ್ಬೆರಳು ಕೆಳಗೆ ತಂದಿತು. ಒಂದು ಸಿನಿಮಾ ನೋಡಿದ ಮೇಲೆ ನನಗೆ ಹೇಳುವುದು ಅಷ್ಟೇನಾ ಇರುತ್ತೆ?

ಪುಸ್ತಕ ಹಳೆಯದಾಗುತ್ತೆ, ಹೊಸ ಸಿನಿಮಾ ಇರುವುದಿಲ್ಲ ಅಂತ ಅಳಿಯಂದಿರು ಹೇಳಿದರು. ಹೌದು, ಇರುವುದಿಲ್ಲ. 16,000ದಲ್ಲಿ ಎಷ್ಟು ನೋಡಿದ್ದೇವೆ ನಾವು? ರಾತ್ರಿಗೆ ಬೇಕಿರುವುದು ಒಂದು.

ನನ್ನ ನಿಜವಾದ ಹೊಟ್ಟೆಉರಿ ಬೇರೆ. ಆ ದಪ್ಪ ಪುಸ್ತಕ ತಂದ ಮೊದಲ ವಾರ ನಾನು ಕನ್ನಡದ ಸಿನಿಮಾ ಹುಡುಕಿದೆ. ಸತ್ಯಜಿತ್ ರಾಯ್ ಅವರ ಪಥೇರ್ ಪಾಂಚಾಲಿ ಸಿಕ್ಕಿತು. ಸಂಸ್ಕಾರ, ಚೋಮನ ದುಡಿ, ಘಟಶ್ರಾದ್ಧ, ಹುಡುಕಿದ ಒಂದು ಹೆಸರೂ ಸಿಗಲಿಲ್ಲ. ಅಮೆರಿಕದವರನ್ನು ಬೈದು ಏನು, ಅವರ ಟಿವಿಗೆ ಬರದ ಸಿನಿಮಾ ಅವರು ಯಾಕೆ ಬರೆಯುತ್ತಾರೆ. ನಾವು ಬರೆದುಕೊಳ್ಳಬೇಕಿತ್ತು. 1934ರ ಸತಿ ಸುಲೋಚನದಿಂದ ಶುರುಮಾಡಿದರೆ ತೊಂಬತ್ತು ವರ್ಷ ದಾಟಿತು. ಚರಿತ್ರೆ ಬರೆದವರಿದ್ದಾರೆ. ಕೆ. ಪುಟ್ಟಸ್ವಾಮಿ ಅವರ "ಸಿನಿಮಾ ಯಾನ"ಕ್ಕೆ ರಾಷ್ಟ್ರ ಪ್ರಶಸ್ತಿ ಬಂತು, ನಾನು ಎರಡು ಸಲ ಓದಿದ್ದೇನೆ. ರಾಜಾಧ್ಯಕ್ಷ ಮತ್ತು ವಿಲ್ಲೆಮೆನ್ 1994ರಲ್ಲಿ ತಂದ ಭಾರತೀಯ ಸಿನಿಮಾ ವಿಶ್ವಕೋಶವೂ ಇದೆ. ಅವು ಯಾವುದು ದೊಡ್ಡದು, ಯಾಕೆ ದೊಡ್ಡದು ಅಂತ ಹೇಳುತ್ತವೆ. ಮಳೆ ಬರುವ ಶನಿವಾರ, ಎಂಟೂವರೆಗೆ, ಹನ್ನೆರಡು ವರ್ಷದ ಹುಡುಗಿ ಪಕ್ಕದಲ್ಲಿರುವಾಗ ಯಾವುದು ಅಂತ ಹೇಳುವ ಪುಸ್ತಕ ನನ್ನ ಕೈಗೆ ಇವತ್ತಿನವರೆಗೂ ಬಂದಿಲ್ಲ. ಮೊಬೈಲಿನಲ್ಲಿ ಕನ್ನಡದ ಹಳೇ ಸಿನಿಮಾಗಳ ಕೆಳಗೆ ಇರುವ ಒಂದು ಸಾಲು ಓದಿ ನೋಡಿ. "ಪ್ರೀತಿ ಮತ್ತು ಕರ್ತವ್ಯದ ನಡುವೆ ಸಿಲುಕಿದ ಯುವಕನ ಕಥೆ." ಈ ಸಾಲನ್ನು ಮುನ್ನೂರು ಸಿನಿಮಾಗಳ ಕೆಳಗೆ ಅಂಟಿಸಬಹುದು. ಯಾರು ಹೇಳಿದ್ದು ಅದನ್ನ? ಅದನ್ನು ಬರೆದವರು ಆ ಸಿನಿಮಾ ನೋಡಿಲ್ಲ.

ಹಾಗಾಗಿ ನಾನೇ ಬರೆದೆ. ಕೆಂಪು ಬಟ್ಟೆ ಬೆನ್ನಿನ, ಉದ್ದನೆಯ ಲೆಕ್ಕದ ಪುಸ್ತಕ, ಇನ್ನೂರು ಪುಟ. ಗಿರಾಕಿಗಳು ಅದನ್ನು "ಕೆಂಪು ಪುಸ್ತಕ ಕೊಡಿ" ಅಂತಲೇ ಕೇಳಿ ನಿಂತಲ್ಲೇ ಓದುತ್ತಿದ್ದರು. ಒಂದೆರಡು ಇಲ್ಲಿ ಹಾಕುತ್ತೇನೆ, ಇದ್ದ ಹಾಗೇ:

"ತರ್ಕ. 1989. ಸುನಿಲ್‌ಕುಮಾರ್ ದೇಸಾಯಿ. ಶಂಕರ್‌ನಾಗ್, ದೇವರಾಜ್, ವನಿತಾ ವಾಸು. ಹಾಡೇ ಇಲ್ಲ, ಬೇಕೂ ಅನ್ನಿಸಲ್ಲ. ನಡುವೆ ಎದ್ದು ಹಾಲು ಕಾಯಿಸಲು ಹೋಗಬೇಡಿ. ಕೊನೆ ಏನು ಅಂತ ಪಕ್ಕದ ಮನೆಯವರಿಗೆ ಹೇಳಬೇಡಿ."

"ಗಣೇಶನ ಮದುವೆ. 1990. ಫಣಿ ರಾಮಚಂದ್ರ. ಅನಂತ್‌ನಾಗ್, ವಿನಯಾ ಪ್ರಸಾದ್. ವಠಾರದಲ್ಲಿ ಬೆಳೆದವರಿಗೆ ಎರಡು ಪಾಲು ನಗು. ಮನೆಗೆ ನೆಂಟರು ಬಂದು ಮಾತು ಮುಗಿದಾಗ ಇದೇ ಹಾಕಿ."

"ಘಟಶ್ರಾದ್ಧ. 1977. ಗಿರೀಶ್ ಕಾಸರವಳ್ಳಿ. ಕಪ್ಪು ಬಿಳುಪು. ಆ ಚಿಕ್ಕ ಹುಡುಗನ ಕಣ್ಣಲ್ಲಿ ಯಮುನಕ್ಕನ ಪಾಡು. ಮನೆಯ ಗಂಡಸರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಆ ರಾತ್ರಿ ಬೇರೆ ಏನೂ ನೋಡಲಾಗದು."

2024ರಲ್ಲಿ ಘಟಶ್ರಾದ್ಧವನ್ನು ಹೊಸದಾಗಿ ಶುದ್ಧಗೊಳಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು ಅಂತ ಓದಿದಾಗ ನಾನು ಈ ಹಾಳೆ ತೆಗೆದು ಇಡೀ ದಿನ ಮೇಜಿನ ಮೇಲೆ ತೆರೆದಿಟ್ಟಿದ್ದೆ. ನಮ್ಮ ಅಂಗಡಿಯ ಕ್ಯಾಸೆಟ್‌ನಲ್ಲಿ ಅರ್ಧ ಗೆರೆ, ಅರ್ಧ ಮಬ್ಬು. ಆದರೂ ಎಷ್ಟು ಮನೆ ಸುತ್ತಿತು ಅದು!

ಒಂದು ಮಾತು ಯಾರಿಗೂ ಹೇಳಿಲ್ಲ, ಇವತ್ತು ಹೇಳುತ್ತೇನೆ. ಅಮ್ಮ ಹಾಸಿಗೆ ಹಿಡಿದ ವರ್ಷ, 2006ರಲ್ಲಿ, ಅಂಗಡಿ ಮುಚ್ಚಿ ಬಂದ ಮೇಲೆ ದಿನಾ ರಾತ್ರಿ ಅವರ ಮಂಚದ ಪಕ್ಕ ಒಂದು ಸಿನಿಮಾ ಹಾಕುತ್ತಿದ್ದೆ. ನಾನು ಚಪ್ಪಲಿ ಬಿಡುವಷ್ಟರಲ್ಲಿ "ಇವತ್ತು ಯಾವುದೇ?" ಅಂತ ಒಳಗಿಂದ ಕೇಳೋರು. ಕೆಂಪು ಪುಸ್ತಕದಲ್ಲಿ ಆ ನಾಲ್ಕು ತಿಂಗಳ ಟಿಪ್ಪಣಿಗಳೇ ಬೇರೆ. "ಅಮ್ಮ, ಇಂಟರ್ವಲ್‌ವರೆಗೆ." "ಅಮ್ಮ, ಎರಡು ಹಾಡು." "ಅಮ್ಮ, ಪೂರ್ತಿ ನೋಡಿದರು, ನಕ್ಕರು." ಅವತ್ತು ನನಗೆ ಐವತ್ತು ನಿಮಿಷ ಟ್ರೈಲರ್ ನೋಡಿ ಕೈಚೆಲ್ಲುವ ಹಾಗಿರಲಿಲ್ಲ. ಅವರಿಗೆ ಇದ್ದ ಎಚ್ಚರವೇ ಮುಕ್ಕಾಲು ಗಂಟೆ. ಶನಿವಾರ ಚಾಪೆ ಸುತ್ತಿದ್ದಕ್ಕೆ ನಾನು ಯಾಕೆ ಅಷ್ಟು ರೇಗಿದೆ ಅಂತ ಮಗಳಿಗೆ ಇದನ್ನು ಓದಿದ ಮೇಲೆ ಗೊತ್ತಾಗಲಿ.

ಭಾನುವಾರ ಬೆಳಿಗ್ಗೆ ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ಮೊಮ್ಮಗಳಿಗೆ ಮೊದಲು ಮಾಲ್ಟಿನ್ ಪುಸ್ತಕದ "ಅಲ್ಲ" ತೋರಿಸಿದೆ. ಓದಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಮಧ್ಯಾಹ್ನವಿಡೀ ಇಷ್ಟು ಚಿಕ್ಕ ವಿಮರ್ಶೆ ಬೇರೆ ಇದೆಯಾ ಅಂತ ಪುಟ ಮಗುಚಿದಳು. ಬಾಂಬ್ ಎಲ್ಲಿದೆ ಅಂತ ಹುಡುಕಿ ಎಣಿಸಿದಳು. ಸಂಜೆ ಕೆಂಪು ಪುಸ್ತಕ ಎತ್ತಿಕೊಂಡು ನನ್ನ ಅಕ್ಷರ ಕೂಡಿಸಿಕೊಂಡು ಓದಿ, ಒಂದು ಕಡೆ ಬೆರಳಿಟ್ಟಳು. "ಬೆಳದಿಂಗಳ ಬಾಲೆ. 1995. ಸುನಿಲ್‌ಕುಮಾರ್ ದೇಸಾಯಿ. ಅನಂತ್‌ನಾಗ್ ಚೆಸ್ ಆಟಗಾರ. ಫೋನಿನಲ್ಲಿ ಒಂದು ಹೆಣ್ಣು ದನಿ, ಅವಳು ಯಾರು ಅಂತ ಹುಡುಕಬೇಕು. ಮೂಲ ಯಂಡಮೂರಿ ಕಾದಂಬರಿ. ಫೋನ್ ಹತ್ತಿರ ಕೂತು ನೋಡಿ."

"ಅಜ್ಜಿ, ಇದು ಬೇಕು" ಅಂದಳು. ಪುಸ್ತಕ ತೆರೆದಲ್ಲಿಂದ ಸಿನಿಮಾ ಶುರುವಾಗುವವರೆಗೆ ಆರು ನಿಮಿಷ. ಅದರಲ್ಲಿ ನಾಲ್ಕು ನಿಮಿಷ ಅಳಿಯಂದಿರು ಅದು ಎಲ್ಲಿ ಸಿಗುತ್ತೆ ಅಂತ ಹುಡುಕಿದ್ದು. ಪ್ರಿಂಟ್ ಮಸುಕು, ಯಾರೂ ತಕರಾರು ಮಾಡಲಿಲ್ಲ. ಮೊದಲ ಕರೆ ಬಂದಾಗ "ನಂಬರ್ ಸ್ಕ್ರೀನ್ ಮೇಲೆ ಬರಲ್ವಾ ಅಜ್ಜಿ?" ಅಂತ ಕೇಳಿದಳು. ಆಗಿನ ಫೋನಿಗೆ ಸ್ಕ್ರೀನೇ ಇರಲಿಲ್ಲ ಪುಟ್ಟಿ, ಡಯಲ್ ಇತ್ತು, ದನಿ ಇತ್ತು ಅಂದೆ. ಆಮೇಲೆ ಅವಳು ಮಾತಾಡಲಿಲ್ಲ. ನಮ್ಮವರು ಬಲಗಿವಿ ಟಿವಿ ಕಡೆ ತಿರುಗಿಸಿಕೊಂಡು ಕೊನೆಯವರೆಗೂ ಎಚ್ಚರವಾಗಿದ್ದರು. ಕೊನೆ ಏನು ಅಂತ ನಾನು ಇಲ್ಲಿ ಹೇಳುವುದಿಲ್ಲ, ಆದರೆ ಮಗಳು ಎದ್ದು ಹೋಗಿ ಅಡುಗೆಮನೆಯಲ್ಲಿ ಮುಖ ತೊಳೆದುಕೊಂಡಳು.

ಇವತ್ತು ಬೆಳಿಗ್ಗೆ ಹೊರಡುವ ಮುಂಚೆ ಮೊಮ್ಮಗಳು ಪೆನ್ಸಿಲ್ ಕೇಳಿ ಇಸಿದುಕೊಂಡು, ನನ್ನ ಸಾಲಿನ ಕೆಳಗೆ ಬರೆದು ಹೋಗಿದ್ದಾಳೆ: "ಸ್ವಲ್ಪ ಸ್ಲೋ. ಆದರೆ ವಾಯ್ಸ್ ಸೂಪರ್. ಫೋನ್ ಆಫ್ ಮಾಡಿ ನೋಡಿ." ಕೆಳಗೆ ಅವಳ ಹೆಸರು, ತಾರೀಖು.

ಕೆಂಪು ಪುಸ್ತಕದಲ್ಲಿ ನನ್ನ ಬರವಣಿಗೆ 2008ಕ್ಕೆ ನಿಂತಿದೆ. ಅರವತ್ತು ಹಾಳೆ ಖಾಲಿ ಇವೆ. ನೀವು ನಿಮ್ಮ ಮನೆಯಲ್ಲಿ ನಿಮ್ಮವರ ಜೊತೆ ಕೂತು ನೋಡಿದ ಒಂದು ಕನ್ನಡ ಸಿನಿಮಾ ಕಳಿಸಿ, ನಾನು ಅದರಲ್ಲಿ ಬರೆದಿಡುತ್ತೇನೆ. ಹೆಸರು, ವರ್ಷ, ನಿರ್ದೇಶಕರು, ಯಾರ ಜೊತೆ ನೋಡಿದರೆ ಚೆನ್ನ, ಎರಡೇ ಸಾಲು. ಪರ್ಸೆಂಟ್ ಬೇಡ. ಕೊನೆ ಬಿಟ್ಟುಕೊಡಬೇಡಿ. ಕೆಳಗೆ ನಿಮ್ಮ ಹೆಸರು ಹಾಕಲೇಬೇಕು.